ಡೌನ್ಸ್ ಮನೆಯ ಜಿಗಿತ

ಕಾನ್ಸರ್ಟಿನಾ ವಿಷಯದಲ್ಲಿ ಡೀಲಿಯಾ ಡೌನ್ಸ್ ಜೊತೆ ವಾದ ಮಾಡಿ ಗೆದ್ದು ಮನೆಗೆ ಹೋದವರು ಐರ್ಲೆಂಡಿನ ಪಶ್ಚಿಮ ಕ್ಲೇರ್‌ನಲ್ಲಿ ಒಬ್ಬರೂ ಇರಲಿಲ್ಲ. ಗೆಲ್ಲುವ ಮಾತು ಹಾಗಿರಲಿ, ಮುಖ ಉಳಿಸಿಕೊಂಡು ಹೋದವರೇ ಕಡಿಮೆ. ಐವತ್ತಾರು ವರ್ಷದ ಗಟ್ಟಿಗಿತ್ತಿ. ಹುಟ್ಟಿದ ಮನೆಯಲ್ಲೇ ಉಳಿದವಳು. ಗಂಡ ಮನೆಅಳಿಯನಾಗಿ ಬಂದು, ಇಪ್ಪತ್ತು ವರ್ಷ ಅವಳ ಮಾತಿಗೆ ಹೂಂಗುಟ್ಟಿ, ಒಂದು ದಿನ ತಣ್ಣಗೆ ತೀರಿಕೊಂಡಿದ್ದ. ಈಗ ಮೂರು ಹಸು, ಒಂದು ಮುಂಗೋಪಿ ಕತ್ತೆ, ಅಮ್ಮ ಬಿಟ್ಟುಹೋದ ಕಾನ್ಸರ್ಟಿನಾ, ಇಷ್ಟೇ ಅವಳ ಸಂಸಾರ. ಹಸುವನ್ನೋ ಕತ್ತೆಯನ್ನೋ ಯಾರಾದರೂ ಹೀಗಳೆದರೆ ಸಹಿಸಿಯಾಳು, ಕಾನ್ಸರ್ಟಿನಾ ತಂಟೆಗೆ ಬಂದರೆ ಮುಗಿಯಿತು.

ಎರಡು ಅಂಗೈಗಳ ನಡುವೆ ಕೂರುವ, ಎಳೆದು ಅದುಮಿ ನುಡಿಸುವ ಆರು ಮೂಲೆಯ ಪುಟ್ಟ ಪೆಟ್ಟಿಗೆ ಅದು. ನಡುವೆ ಚರ್ಮದ ತಿದಿ, ಎರಡು ತುದಿಗೂ ಜಾಲಂದ್ರದ ಹಾಗೆ ಕೊರೆದ ಮರದ ಹಲಗೆ, ಅದರ ಮೇಲೆ ಮೂಳೆಯ ಗುಂಡಿಗಳು. ಬಲಗಡೆಯ ಒಂದು ಗುಂಡಿ ಮಾತ್ರ ಮೂಕ. ಒತ್ತಿದರೆ ಒಳಗೆ ಇಳಿಯುತ್ತಲೇ ಇರಲಿಲ್ಲ. ಡೀಲಿಯಾಗೆ ಬುದ್ಧಿ ಬಂದಾಗಿನಿಂದ ಅದು ಹಾಗೇ ಇತ್ತು. ಪೆಟ್ಟಿಗೆಯ ತಿರುಪು ಬಿಚ್ಚಕೂಡದು ಎಂದು ಅಮ್ಮ ಕಟ್ಟಪ್ಪಣೆ ಮಾಡಿದ್ದಳು. ಯಾಕೆ ಎಂದು ಡೀಲಿಯಾ ಕೇಳಿರಲಿಲ್ಲ, ಅಮ್ಮ ಹೇಳಿರಲೂ ಇಲ್ಲ. ಅಮ್ಮನ ರಾಗಗಳಿಗೆ ಆ ಗುಂಡಿಯ ಅಗತ್ಯವೇ ಇಲ್ಲ, ಅದು ಬರೀ ಅಲಂಕಾರಕ್ಕೆ ಎಂದು ತಾನೇ ತೀರ್ಮಾನಿಸಿಬಿಟ್ಟಿದ್ದಳು.

ಆ ರಾಗಗಳಲ್ಲೆಲ್ಲ ಹೆಚ್ಚಿನದು ‘ಸ್ಕಾಟ್ಲೆಂಡಿನವನ ರೀಲ್’. ಹಿಂದೊಮ್ಮೆ ಬಿರುಗಾಳಿಗೆ ಹೆದರಿ ಇಲ್ಲಿ ಲಂಗರು ಹಾಕಿದ ಸ್ಕಾಟ್ಲೆಂಡಿನ ಮೀನುಗಾರನೊಬ್ಬ ನಾಲ್ಕು ದಿನ ತಾತನ ಮನೆಯಲ್ಲಿದ್ದು, ಉಂಡ ಋಣಕ್ಕೆ ಬಾಯಲ್ಲೇ ಗುನುಗಿ ಕಲಿಸಿಹೋದ ಕುಣಿತದ ರಾಗ. ಅದರ ಎರಡನೇ ಭಾಗದಲ್ಲಿ ರಾಗ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಾ ಹೋಗಿ, ಒಂದು ಕಡೆ ಗಪ್ಪನೆ ನಿಂತು, ಒಂದು ಮೆಟ್ಟಿಲು ಬಿಟ್ಟು ಮೇಲಿನದಕ್ಕೆ ಹಾರುತ್ತಿತ್ತು. ಆ ಒಂದು ಕ್ಷಣದ ಬಿಡುವಿನಲ್ಲಿ ಕುಣಿಯುವವರ ಹಿಮ್ಮಡಿ ನೆಲದ ಚಪ್ಪಡಿಯ ಮೇಲೆ ಟಕ್ಕೆಂದು ಬೀಳುತ್ತಿತ್ತು. ಸುತ್ತಲಿನವರು ಇದಕ್ಕೆ ‘ಡೌನ್ಸ್ ಮನೆಯ ಜಿಗಿತ’ ಎನ್ನುತ್ತಿದ್ದರು. ಶನಿವಾರ ಶಾಲೆಯ ಕೋಣೆಯಲ್ಲಿ ಡೀಲಿಯಾ ಮಕ್ಕಳಿಗೆ ಕಲಿಸುವಾಗ ಯಾವ ಮಗುವಾದರೂ ಬಿಟ್ಟ ಸ್ವರವನ್ನು ಮುಟ್ಟಿತೋ, ಬೆರಳ ಮೇಲೆ ಚಮಚದಿಂದ ಒಂದು ಬೀಳುತ್ತಿತ್ತು.

ಈ ಸ್ವರಕ್ಕಾಗಿಯೇ ಅವಳು ಒಡಹುಟ್ಟಿದವಳನ್ನು ಕಳೆದುಕೊಂಡಿದ್ದಳು.

ಅಕ್ಕ ನೋನಿ ಅವಳಿಗಿಂತ ನಾಲ್ಕು ವರ್ಷ ದೊಡ್ಡವಳು. ಬರ್ಮಿಂಗ್‌ಹ್ಯಾಮ್‌ಗೆ ದುಡಿಯಲು ಹೋಗಿದ್ದವಳು 1952ರಲ್ಲಿ ಊರಿಗೆ ಮರಳಿದಾಗ ಮನೆಯಲ್ಲಿ ಕುಣಿತ ಇಟ್ಟಿದ್ದರು. ಅಡುಗೆಮನೆ ತುಂಬ ಜನ. ನೋನಿ ತನ್ನ ಹೊಸ ಕಾನ್ಸರ್ಟಿನಾ ತೆಗೆದು ಸ್ಕಾಟ್ಲೆಂಡಿನವನ ರೀಲ್ ಹಿಡಿದಳು. ಜಿಗಿತದ ಜಾಗ ಬಂದಾಗ ಜಿಗಿಯದೆ, ಆ ಸ್ವರವನ್ನು ಮುಟ್ಟಿಕೊಂಡೇ ಮೇಲೆ ಹೋದಳು.

“ನಿಲ್ಸು” ಎಂದಳು ಡೀಲಿಯಾ. “ಇದ್ಯಾವ ಇಂಗ್ಲೆಂಡಿನ ಕಸ ತಂದು ಅಮ್ಮನ ರಾಗಕ್ಕೆ ಸುರೀತಿದ್ದೀಯ?”

“ಮೊದ್ಲು ಅಮ್ಮ ಹೀಗೇ ನುಡಿಸ್ತಿದ್ದದ್ದು ಕಣೇ.”

“ಸುಳ್ಳು. ಅಮ್ಮ ಇಲ್ಲೇ ಕೂತಿದಾಳಲ್ಲ, ಕೇಳು.”

ಒಲೆಯ ಪಕ್ಕ ಕೂತಿದ್ದ ಅಮ್ಮ ಬೆಂಕಿ ನೋಡುತ್ತಾ, “ಎರಡೂ ಚೆನ್ನಾಗಿದೆ. ಯಾರಾದ್ರೂ ಟೀಗೆ ಇಡ್ರಪ್ಪ” ಎಂದಳು.

ಅಷ್ಟಕ್ಕೆ ಬಿಡಬಹುದಿತ್ತು. ಡೀಲಿಯಾ ಬಿಡಲಿಲ್ಲ. ತಾಯಿಯ ರಾಗ ಕೆಡಿಸಿದವಳಿಗೆ ಈ ಮನೆಯಲ್ಲಿ ವಾದ್ಯ ಮುಟ್ಟುವ ಯೋಗ್ಯತೆಯಿಲ್ಲ ಎಂದು ನಲವತ್ತು ಜನರ ಮುಂದೆ ಅಂದುಬಿಟ್ಟಳು. ನೋನಿ ಒಮ್ಮೆ ಅಮ್ಮನ ಮುಖ ನೋಡಿದಳು, ಒಮ್ಮೆ ತಂಗಿಯದು. ಏನೋ ಹೇಳಲು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡು, ವಾದ್ಯವನ್ನು ಡಬ್ಬಿಗಿಟ್ಟು ಹೊರಟಳು. ಒಂಬತ್ತು ಮೈಲಿ ದೂರದ ಪೇಟೆಯ ಜವಳಿ ಅಂಗಡಿಯವನನ್ನು ಮದುವೆಯಾಗಿ ಅಲ್ಲೇ ಉಳಿದಳು. ಅಮ್ಮನ ಮಣ್ಣಿನ ದಿನವೂ ಅಕ್ಕತಂಗಿ ಗುಂಡಿಯ ಆಚೆಗೊಬ್ಬಳು ಈಚೆಗೊಬ್ಬಳು ನಿಂತರೇ ಹೊರತು ಮಾತಿಲ್ಲ. ಹೀಗೇ ಇಪ್ಪತ್ತೆರಡು ವರ್ಷ.

ಮೊನ್ನೆ ಮಾರ್ಚ್‌ನಲ್ಲಿ ತಿದಿ ಒಳಗಿನಿಂದ ಹರಿಯಿತು. ಹೊರಗಿನಿಂದ ಹಚ್ಚಿದ ತೇಪೆ ಯಾವುದೂ ನಿಲ್ಲಲಿಲ್ಲ. ಬೇರೆ ದಾರಿ ಕಾಣದೆ ಡೀಲಿಯಾ ಅದನ್ನು ಶಾಲಿನಲ್ಲಿ ಸುತ್ತಿಕೊಂಡು ಸೈಕಲ್ ರಿಪೇರಿಯ ಮಾರ್ಟಿ ಲಿಲ್ಲಿಸ್ ಹತ್ತಿರ ಹೋದಳು. ಅವನು ವಾದ್ಯಗಳನ್ನೂ ಸರಿಮಾಡುತ್ತಿದ್ದ.

“ತಿದಿ ಮಾತ್ರ. ಬೇರೆ ಏನಕ್ಕೂ ಕೈ ಹಾಕ್ಬೇಡ” ಎಂದು ಸ್ಟೂಲು ಎಳೆದು ಎದುರಿಗೇ ಕೂತಳು.

“ನೀವು ಹೀಗೆ ಕಾವಲು ಕೂತ್ರೆ ನನ್ನ ಕೈ ನಡುಗುತ್ತೆ ಡೀಲಿಯಕ್ಕ.”

“ನಡುಗ್ಲಿ. ಜಾಗ್ರತೆಯಾಗಿ ಬಿಚ್ತೀಯ.”

ಮಾರ್ಟಿ ಬಲಗಡೆಯ ಹಲಗೆಯ ತಿರುಪುಗಳನ್ನು ಒಂದೊಂದಾಗಿ ಬಿಚ್ಚಿ ಮೇಲೆತ್ತಿದ. ಒಳಗೆ ಬಗ್ಗಿ ನೋಡಿ ಹುಬ್ಬೇರಿಸಿದ. ಚಿಮಟದಿಂದ ಏನನ್ನೋ ಹಿಡಿದು ಹೊರಗೆಳೆದು ಮೇಜಿನ ಮೇಲಿಟ್ಟ.

“ಇಲ್ನೋಡಿ. ನಿಮ್ಮ ಕಾನ್ಸರ್ಟಿನಾಗೆ ಹಲ್ಲು ಬಂದಿದೆ.”

ಅಕ್ಕಿಕಾಳಿಗಿಂತ ಒಂಚೂರು ದೊಡ್ಡದಾದ ಹಾಲುಹಲ್ಲು. ಅದರ ಬುಡಕ್ಕೆ ಬಿಗಿದ ಕೆಂಪು ಉಣ್ಣೆಯ ನೂಲಿನ ಗಂಟು ಹಾಗೇ ಇತ್ತು.

“ಮೂಕ ಗುಂಡಿಯ ಕಡ್ಡಿ ಕೆಳಗೆ ಸಿಕ್ಕೊಂಡಿತ್ತು ನೋಡಿ. ಅದಕ್ಕೇ ಇಳೀತಿರ್ಲಿಲ್ಲ” ಎಂದು ಹಲಗೆ ಜೋಡಿಸಿ, ಹರಿದ ತಿದಿಯನ್ನು ಕೈಯಲ್ಲಿ ಒತ್ತಿಹಿಡಿದು ಗುಂಡಿ ಅದುಮಿದ. ಜಿಗಿತದಲ್ಲಿ ಬಿಡುತ್ತಿದ್ದ ಸ್ವರವೇ ಬಂತು. ಐವತ್ತು ವರ್ಷ ಯಾರೂ ಮುಟ್ಟದ ಸ್ವರ ಉಳಿದೆಲ್ಲಕ್ಕಿಂತ ಚೊಕ್ಕವಾಗಿ ಬಂತು.

ಡೀಲಿಯಾ ಎದ್ದು ನಿಂತವಳು ಮತ್ತೆ ಕೂತಳು. ಆ ಕೆಂಪು ನೂಲು ಅಮ್ಮನ ಲಂಗದ್ದು. ಅಲ್ಲಾಡುವ ಹಲ್ಲು ಕೀಳಲು ಅದರ ಇನ್ನೊಂದು ತುದಿಯನ್ನು ಬಾಗಿಲ ಚಿಲಕಕ್ಕೆ ಕಟ್ಟಿದ್ದರು. ಬಾಗಿಲು ದೂಡಿದವನು ಅಪ್ಪ. ಆರು ವರ್ಷದ ಅವಳ ಕೈಗೆ ಹಲ್ಲು ಕೊಟ್ಟು, “ಜೋಪಾನವಾಗಿಟ್ಕೋ ಮರೀ, ಆಮೇಲೆ ಕೇಳ್ತೀನಿ” ಎಂದಿದ್ದ. ಹತ್ತೇ ದಿನಕ್ಕೆ ನ್ಯುಮೋನಿಯಾದಲ್ಲಿ ಹೋದ. ಸಾವಿನ ಮನೆಯಲ್ಲಿ ಒಂದು ವರ್ಷ ವಾದ್ಯ ಮುಟ್ಟುವಂತಿಲ್ಲ. ಕಾನ್ಸರ್ಟಿನಾ ಒಲೆ ಪಕ್ಕದ ಗೂಡು ಸೇರಿತು. ಯಾರೂ ಮುಟ್ಟದ ಜಾಗ ಮನೆಯಲ್ಲಿ ಅದೊಂದೇ. ಜಾಲಂದ್ರದ ತೂತಿನೊಳಗೆ ಹಲ್ಲು ತುರುಕಿದ ಪುಟ್ಟ ಬೆರಳು ತನ್ನದು. ವರ್ಷ ತುಂಬುವಷ್ಟರಲ್ಲಿ ಮರೆತೂಬಿಟ್ಟಿದ್ದಳು.

ದೇವರೇ, ಅರ್ಧ ಊರಿನ ಮಕ್ಕಳು ನನ್ನ ಹಾಲುಹಲ್ಲನ್ನು ದಾಟಿ ಹಾರುತ್ತಿವೆಯಲ್ಲ ಎಂದುಕೊಂಡಳು. ನಗು ಬರಲಿಲ್ಲ. ನೋನಿ ಅಂದದ್ದು ನಿಜ. ನಲವತ್ತು ಜನರ ಮುಂದೆ ಅವಳು ನಿಜವನ್ನೇ ಅಂದಿದ್ದಳು.

ಮಾರ್ಟಿ ತಿದಿಗೆ ಹೊಸ ಚರ್ಮ ಅಂಟಿಸಿ ಕೊಟ್ಟ ಮರುದಿನವೇ ಡೀಲಿಯಾ ಕಾನ್ಸರ್ಟಿನಾ ಹಿಡಿದು ಬಸ್ಸು ಹತ್ತಿದಳು. ಜವಳಿ ಅಂಗಡಿಯ ಮೇಲಿನ ಮನೆಯ ಬಾಗಿಲು ತೆರೆದ ನೋನಿ, ತಂಗಿಯನ್ನು ಕಂಡು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಆಮೇಲೆ ದಾರಿ ಬಿಟ್ಟಳು. ಡೀಲಿಯಾ ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತು, ಬೆಂಕಿಪೆಟ್ಟಿಗೆ ತೆರೆದು ಹಲ್ಲನ್ನು ಮೇಜಿನ ಮೇಲಿಟ್ಟಳು.

“ಸಿಕ್ತಾ ಕೊನೆಗೂ?” ಎಂದಳು ನೋನಿ.

ಡೀಲಿಯಾ ತಟ್ಟನೆ ತಲೆಯೆತ್ತಿದಳು. “ನಿಂಗೊತ್ತಿತ್ತಾ?”

“ನೀನು ಸ್ಟೂಲ್ ಹಾಕ್ಕೊಂಡು ತುರುಕ್ತಿದ್ದೆ. ನಾನು ಬಾಗಿಲ ಹತ್ರ ನಿಂತು ನೋಡ್ದೆ. ಹೊಡೀತಾಳೆ ಅಂತ ಅಮ್ಮಂಗೆ ಹೇಳ್ಲಿಲ್ಲ.”

“ಅವತ್ತಾದ್ರೂ ಹೇಳ್ಬಾರ್ದಿತ್ತಾ ಅಕ್ಕಾ? ಅಷ್ಟು ಜನರ ಮುಂದೆ ನಿನ್ನ ಮಾನ ಕಳೆದ್ನಲ್ಲ. ಒಂದು ಮಾತು ಅಂದಿದ್ರೆ ನನ್ನ ಬಾಯಿ ಮುಚ್ತಿತ್ತು.”

ನೋನಿ ಕೆಟಲ್ ಒಲೆಗಿಟ್ಟು, ಬೆನ್ನು ಹಾಕಿಯೇ ಮಾತಾಡಿದಳು.

“ಅಮ್ಮ ಕೂತಿದ್ಲಲ್ಲೇ. ವರ್ಷ ಕಳೆದು ಪೆಟ್ಟಿಗೆ ಇಳಿಸಿದಾಗ ಆ ಸ್ವರ ಬರ್ಲಿಲ್ಲ. ‘ನಿಮ್ಮಪ್ಪ ಹೋಗ್ತಾ ಅದನ್ನೂ ತಗೊಂಡ್ಹೋದ್ರು ನೋನೀ, ಅವರ ಹತ್ರಾನೇ ಇರ್ಲಿ, ಯಾರೂ ಬಿಚ್ಚಬೇಡಿ’ ಅಂತ ನನ್ನ ಕೈ ಹಿಡ್ಕೊಂಡು ಅತ್ಲು. ಅಲ್ಲಿಂದ ಆಚೆ ಆ ಜಾಗ ಬಂದಾಗೆಲ್ಲ ಅಪ್ಪನಿಗೆ ಅಂತ ಬಿಟ್ಟು ನುಡಿಸಿದ್ಲು. ನನಗೆ ಅವತ್ತು ಹೊಸ ವಾದ್ಯದ ಜಂಬ, ಮರೆತು ಮುಟ್ಟಿಬಿಟ್ಟೆ. ಆಮೇಲೆ ಅವಳ ಮುಖ ನೋಡಿ, ಅದು ಅಪ್ಪ ಅಲ್ಲಮ್ಮ, ಇವಳ ಹಲ್ಲು ಅಂತ ಹೇಗೆ ಹೇಳ್ಲಿ?”

ಡೀಲಿಯಾ ಶಾಲಿನ ತುದಿಯಲ್ಲಿ ಮುಖ ಮುಚ್ಚಿಕೊಂಡಳು. ಅತ್ತು ಅವಳಿಗೆ ಅಭ್ಯಾಸವಿರಲಿಲ್ಲ. ಬಹಳ ಹೊತ್ತಿನ ಮೇಲೆ ಕಾನ್ಸರ್ಟಿನಾ ಎತ್ತಿ ಅಕ್ಕನ ಮಡಿಲಲ್ಲಿಟ್ಟಳು.

“ಈಗ ಗುಂಡಿ ಇಳಿಯುತ್ತೆ. ನುಡಿಸು. ಪೂರ್ತಿ ನುಡಿಸು.”

ನೋನಿಯ ಬೆರಳ ಗಿಣ್ಣುಗಳು ಊದಿದ್ದವು, ಆದರೂ ರಾಗ ತಪ್ಪಲಿಲ್ಲ. ಮೊದಲ ಭಾಗ ಮುಗಿದು ಎರಡನೆಯದು ಮೆಟ್ಟಿಲು ಮೆಟ್ಟಿಲಾಗಿ ಏರಿತು. ಆ ಜಾಗ ಬಂದಾಗ ನೋನಿ ಗಪ್ಪನೆ ನಿಂತು, ಬಿಟ್ಟು, ಮೇಲಕ್ಕೆ ಹಾರಿದಳು. ಎರಡನೇ ಸಲವೂ ಹಾಗೇ ಹಾರಿದಳು.

“ಅದು ಬರುತ್ತೆ ಅಂದ್ನಲ್ಲಕ್ಕಾ, ಒತ್ತು.”

“ಗೊತ್ತು” ಎಂದಳು ನೋನಿ, ನಿಲ್ಲಿಸದೆ. “ಇಪ್ಪತ್ತೆರಡು ವರ್ಷದಿಂದ ಈ ಮನೇಲಿ ನಾನು ಹೀಗೇ ನುಡಿಸೋದು.”

ಮೂರನೇ ಸಲ ಆ ಜಾಗ ಬಂದಾಗ ಡೀಲಿಯಾಳ ಹಿಮ್ಮಡಿ ತಾನಾಗಿ ನೆಲಕ್ಕೆ ಬಿತ್ತು.