ಘಾಟಿಲ್ಲದ ಹೊಗೆ

ಚಮಚ ಕೊಟ್ಟು ಕುಡಿಯಿರಿ ಎಂದರೆ ನನಗೆ ಮೊದಲು ಬರುವುದು ಅನುಮಾನ. ಕುಡಿಯುವುದಾದರೆ ಬಟ್ಟಲಿಗೆ ಬಾಯಿ ಇಡಬೇಕು, ತಿನ್ನುವುದಾದರೆ ಕೈ ಹಾಕಬೇಕು. ನಡುವೆ ಈ ಚಮಚ ಯಾರ ಪರವಾಗಿ ವಕೀಲಿಕೆಗೆ ಬಂದಿದೆ? ಹುಟ್ಟಿದ್ದು ಬ್ಯಾಡಗಿಯಲ್ಲಿ, ಅಲ್ಲಿಂದ ಹತ್ತಿದ ರೋಗವಿದು. ನಮ್ಮೂರ ಪೇಟೆಯಲ್ಲಿ ಬರೀ ಕಣ್ಣಿಂದ ನೋಡಿ ಮೆಣಸಿನಕಾಯಿ ಕೊಳ್ಳುವವರಿಲ್ಲ. ಮುಷ್ಟಿ ತುಂಬ ಹಿಡಿದು ಹಿಸುಕಿ ಬಿಡುತ್ತಾರೆ. ಗಲಗಲ ಎಂದು ಬಿಚ್ಚಿಕೊಂಡರೆ ಚೆನ್ನಾಗಿ ಒಣಗಿದೆ. ಮುದುರಿಕೊಂಡೇ ಕುಳಿತರೆ ತೂಕಕ್ಕೆಂದು ಯಾರೋ ನೀರು ಚಿಮುಕಿಸಿದ್ದಾರೆ. ಅಳಿಯನನ್ನು ಆರಿಸುವಾಗಲೂ ನಾನು ಹೆಚ್ಚುಕಡಿಮೆ ಇದೇ ಪದ್ಧತಿ ಅನುಸರಿಸಿದೆ. ಪಾಪ, ಆತ ಬಿಚ್ಚಿಕೊಂಡ.

ಆ ಅಳಿಯನ ಹೆಂಡತಿ, ಅಂದರೆ ನನ್ನ ಮಗಳು ಸುಧಾ, ಬಾಣಂತನಕ್ಕೆಂದು ರಾಣೆಬೆನ್ನೂರಿನ ನಮ್ಮ ಮನೆಯಲ್ಲಿದ್ದಳು. ಮೆಂತ್ಯ, ಬೆಳ್ಳುಳ್ಳಿ, ಅಂಟಿನುಂಡಿಗಳಿಗೆ ಬೇಸತ್ತು ಒಂದು ಮುಂಜಾನೆ ಮೊಬೈಲಿನಲ್ಲಿ ಮೆಕ್ಸಿಕೋ ದೇಶದ ಚಿಕನ್ ಟೋರ್ಟಿಯಾ ಸೂಪು ತೋರಿಸಿ, ಅದೇ ಬೇಕೆಂದಳು. ಎಲ್ಲವನ್ನೂ ಕೆಂಡದ ಮೇಲೆ ಸುಟ್ಟು ಮಾಡಬೇಕಂತೆ. ಹೆಂಡತಿ ಗಿರಿಜಾಳಿಗೆ ಸೂಪಿನ ಮೇಲೂ ಅನುಮಾನ, ಮಾಡುವವನ ಮೇಲೂ ಅನುಮಾನ. ಬಾಣಂತಿ ಖಾರ ತಿಂದರೆ ಕೂಸಿನ ಹೊಟ್ಟೆ ಕೆಡುತ್ತದೆ ಎಂದಳು. ಬೀಜ ಕೊಡವಿಯೇ ಸುಡುತ್ತೇನೆ, ಬ್ಯಾಡಗಿ ಕಾಯಿ ಬಣ್ಣಕ್ಕೆ ಮುಂದು, ಖಾರಕ್ಕೆ ಹಿಂದು ಎಂದು ಮಾತು ಕೊಟ್ಟೆ.

ಟೋರ್ಟಿಯಾ ಎಂದರೇನೆಂದು ವಿಚಾರಿಸಿದರೆ ಗೋವಿನಜೋಳದ, ಅಂದರೆ ಮೆಕ್ಕೆಜೋಳದ ರೊಟ್ಟಿ. ಅದನ್ನು ಮುರಿದು ಸೂಪಿಗೆ ಹಾಕುತ್ತಾರಂತೆ. ನಮ್ಮ ಸೀಮೆಯವರು ಎಕರೆಗಟ್ಟಲೆ ಗೋವಿನಜೋಳ ಬೆಳೆದು ಕೋಳಿಗಳ ಹೊಟ್ಟೆ ತುಂಬಿಸುತ್ತಾರೆ. ಆ ದೇಶದವರು ಜೋಳವನ್ನೂ ತಿಂದು, ಮೇಲೆ ಕೋಳಿಯನ್ನೂ ತಿನ್ನುತ್ತಾರೆ. ಮೆಣಸಿನಕಾಯಿ ಕೂಡ ಆ ಕಡೆಯಿಂದಲೇ ಸಮುದ್ರ ದಾಟಿ ಬಂದದ್ದು ಎಂದು ಎಲ್ಲೋ ಓದಿದ್ದೇನೆ. ಈ ಮಾತನ್ನು ಬ್ಯಾಡಗಿಯವನೊಬ್ಬನಿಗೆ ಹೇಳಿ ನೋಡಿ, ನಿಮ್ಮನ್ನೇ ಮುಷ್ಟಿಯಲ್ಲಿ ಹಿಡಿದು ಹಿಸುಕುತ್ತಾನೆ.

ಮಾಳಿಗೆಯ ಮೇಲೆ ಇದ್ದಿಲಿನ ಸಿಗಡಿ ಒಲೆ ಹೂಡಿ, ಕಬ್ಬಿಣದ ಜಾಲರಿ ಇಟ್ಟು, ಟೊಮೆಟೊ, ಉಳ್ಳಾಗಡ್ಡಿ, ಬೆಳ್ಳುಳ್ಳಿ, ತೆನೆ, ಕೋಳಿ ಎಲ್ಲವನ್ನೂ ಸುಟ್ಟೆ. ಕೊನೆಗೆ ಮೆಣಸಿನಕಾಯಿ. ಅದರ ಹೊಗೆ ನೆಟ್ಟಗೆ ಪಕ್ಕದ ಮಾಳಿಗೆಗೆ ಹೋಯಿತು. ಅಲ್ಲಿ ಮಾಬೂಬಿಯವರು ಕೌದಿ ಒಣಹಾಕುತ್ತಿದ್ದರು. ಗಿರಿಜಾಳಿಗೆ ಅವರು ಒಡಹುಟ್ಟಿದವರಿಗಿಂತ ಹೆಚ್ಚು. ಸ್ವಂತ ಮಕ್ಕಳಿಲ್ಲ, ಸುಧಾ ಬೆಳೆದದ್ದು ಅವರ ತೊಡೆಯ ಮೇಲೆ. ಈಗ ಅವಳ ಕೂಸಿಗೆ ದಿನವೂ ಎಣ್ಣೆ ತಿಕ್ಕಿ ನೀರು ಹಾಕುವವರೂ ಅವರೇ. ನಾನು ಕೈ ಬೀಸಿದೆ. ಅವರು ಸ್ವಲ್ಪ ಹೊತ್ತು ಸಿಗಡಿಯನ್ನೇ ನೋಡುತ್ತ ನಿಂತು, ಕೌದಿಯನ್ನು ಅಲ್ಲೇ ಬಿಟ್ಟು ಕೆಳಗಿಳಿದು ಹೋದರು.

ಅಂದು ಎಣ್ಣೆ ತಿಕ್ಕಲು ಅವರು ಬರಲಿಲ್ಲ. ಕಾಯಿಸಿದ ನೀರು ಆರಿಹೋಯಿತು. ನನ್ನ ಅನುಮಾನಗಳು ಒಂದೊಂದಾಗಿ ಎದ್ದವು. ಹೊಗೆಗೆ ಕೌದಿ ಕಮಟು ಹಿಡಿಯಿತೆಂದು ಸಿಟ್ಟೇ? ಕೋಳಿಯನ್ನು ಬೇರೆ ಕಡೆಯಿಂದ ತಂದೆವೆಂದು ಮುನಿಸೇ? ಅದನ್ನು ತಂದದ್ದು ಅವರ ತಮ್ಮನ ಅಂಗಡಿಯಿಂದಲೇ. ಇದನ್ನೆಲ್ಲ ಗಿರಿಜಾಳ ಮುಂದೆ ಹೇಳುತ್ತಿದ್ದಾಗ ಅವಳು ತಟ್ಟನೆ ತಲೆಯ ಮೇಲೆ ಕೈ ಇಟ್ಟುಕೊಂಡಳು.

“ನಿನ್ನೆ ಸಂಜೀಕ ಕೂಸಿನ್ನ ಎತ್ತಿಕೊಂಡು, ಎಷ್ಟು ಚಂದ ಆಗೇತಿ ಅಂದಿದ್ರು. ಇವತ್ತ ನೀವು ಅವರ ಕಣ್ಣ ಮುಂದ ಮೆಣಸಿನಕಾಯಿ ಸುಟ್ರಿ.”

ಕೂಸಿಗೆ ದೃಷ್ಟಿಯಾದರೆ ಅವರ ಮನೆಯಲ್ಲೂ ನಮ್ಮ ಮನೆಯಲ್ಲೂ ಮಾಡುವುದು ಒಂದೇ: ಮೆಣಸಿನಕಾಯಿ ನಿವಾಳಿಸಿ ಬೆಂಕಿಗೆ ಹಾಕುವುದು. ಘಾಟೆದ್ದು ಎಲ್ಲರೂ ಕೆಮ್ಮಿದರೆ ಚಿಂತೆಯಿಲ್ಲ. ಘಾಟು ಬರದಿದ್ದರೆ ದೃಷ್ಟಿ ಬಲವಾಗಿಯೇ ತಗಲಿದೆ ಎಂದು ಲೆಕ್ಕ. ನಾನೋ ಬೀಜ ಕೊಡವಿ, ಬ್ಯಾಡಗಿ ಕಾಯಿಯನ್ನೇ ಸುಟ್ಟಿದ್ದೆ. ಘಾಟು ಏಳುವುದಾದರೂ ಎಲ್ಲಿಂದ?

ಈಗ ಏನು ಹೇಳುವುದು? ನಿಮ್ಮ ಮೇಲೆ ನಮಗೆ ಅನುಮಾನವಿಲ್ಲ ಎಂದು ಹೋಗಿ ಹೇಳಿದರೆ, ಇಲ್ಲದ ಅನುಮಾನವನ್ನು ನಾನೇ ಒಯ್ದು ಅವರ ಮನೆಯಲ್ಲಿ ಇಟ್ಟು ಬಂದಂತೆ. ಆದ್ದರಿಂದ ಮೆಕ್ಸಿಕೋ ದೇಶದ ಅಡುಗೆಯ ಬಗ್ಗೆ ಒಂದು ಚಿಕ್ಕ ಭಾಷಣ ಸಿದ್ಧಮಾಡಿಕೊಂಡೆ. ಅಷ್ಟರಲ್ಲಿ ಗಿರಿಜಾ ಕೂಸನ್ನು ಎತ್ತಿಕೊಂಡು ಹೊರಟೇಬಿಟ್ಟಿದ್ದಳು. ಸೂಪಿನ ಬಟ್ಟಲು, ಚಮಚ ಹಿಡಿದು ನಾನೂ ಹಿಂದೆ ಹೋದೆ.

ಮಾಬೂಬಿಯವರು ನಡುಮನೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದರು. ಕೂಸಿನ ಕಡೆ ಕೈ ಚಾಚಲಿಲ್ಲ.

“ನಾನೂ ನಿಂತು ನೋಡಿದೆ, ಗಿರಿಜವ್ವ,” ಎಂದರು. “ಘಾಟು ಬರಲೇ ಇಲ್ಲ. ನನ್ನ ಕಣ್ಣ ಬಿದ್ದಿರಬೇಕು.”

ನಾವು ಅವರನ್ನು ಅನುಮಾನಿಸಿದೆವೆಂದು ಅವರಿಗೆ ನೋವಾಗಿದೆ ಎಂದುಕೊಂಡಿದ್ದೆ. ಅವರು ತಮ್ಮನ್ನೇ ಅನುಮಾನಿಸುತ್ತ ಕುಳಿತಿದ್ದರು. ನನ್ನ ಭಾಷಣ ಮರೆತುಹೋಯಿತು. ಗಿರಿಜಾ ಮಾತ್ರ ವಾದಕ್ಕೆ ಹೋಗದೆ ಕೂಸನ್ನು ಅವರ ತೊಡೆಯ ಮೇಲೆ ಮಲಗಿಸಿಬಿಟ್ಟಳು.

“ನೀರು ಮತ್ತೊಮ್ಮೆ ಕಾಸಾಕ ಇಟ್ಟು ಬಂದೇನಿ. ಲಗೂ ಬರ್ರಿ ಅಕ್ಕ, ಇದು ನನ್ನ ಕೈಯಾಗ ಬರೇ ಅಳತೈತಿ.”

ಮಾಬೂಬಿಯವರ ಕೈ ಮೆಲ್ಲಗೆ ಕೂಸಿನ ಮೀನಖಂಡ ಒತ್ತಿ ನೋಡಿತು. ಇನ್ನೂ ಎಣ್ಣೆ ಸಹ ಹಚ್ಚಿಲ್ಲವಲ್ಲ ಎಂದು ಗಿರಿಜಾಳನ್ನು ಗದರಿದರು, ಸೆರಗಿನಿಂದ ಕಣ್ಣೊರೆಸಿಕೊಂಡರು. ಆಗ ಅವರಿಗೆ ನನ್ನ ಕೈಯಲ್ಲಿದ್ದ ಬಟ್ಟಲು ಕಾಣಿಸಿತು. ಸುಟ್ಟ ಮೆಣಸಿನಕಾಯಿ ಹೋದದ್ದು ಇದರೊಳಗೆ ಎಂದೆ. ಅವರು ಚಮಚದಿಂದ ಒಮ್ಮೆ ಕಲಕಿದರು, ಮೂಸಿದರು, ತೇಲುತ್ತಿದ್ದ ಚೂರೊಂದನ್ನು ಎತ್ತಿ ಬೆಳಕಿಗೆ ಹಿಡಿದರು.

“ಅಣ್ಣಾರ, ರೊಟ್ಟಿ ಮುರದು ಯಾಕ ಹಾಕೀರಿ ಇದ್ರಾಗ? ನಿನ್ನೀದು ಉಳದಿತ್ತೇನು?”

ಅನುಮಾನಕ್ಕೆ ಗುರಿಯಾಗಿ ನಾನು ಅಷ್ಟೊಂದು ಸಂತೋಷಪಟ್ಟದ್ದು ಅದೇ ಮೊದಲು.