ಕಂಪ್ಯೂಟರಿನಲ್ಲಿ ಕೊಸರಿಲ್ಲ

“ಕೊಸರು ಹಾಕವ್ವಾ ತಂಗಿ,” ಎಂದು ಅವ್ವ ಬಿಲ್ ಮಾಡುವ ಹುಡುಗಿಯ ಮುಂದೆ ಸೆರಗೊಡ್ಡಿ ನಿಂತುಬಿಟ್ಟಳು. ಇಂಡಿ ಪಟ್ಟಣದಲ್ಲಿ ಹೊಸದಾಗಿ ತೆರೆದ ಎಸಿ ಅಂಗಡಿ ಅದು. ನಮ್ಮೂರಿನದೇ ನಿಂಬೆಹಣ್ಣು ಅಲ್ಲಿ ಪ್ಲಾಸ್ಟಿಕ್ ಅಂಗಿ ತೊಟ್ಟು ಪರದೇಶಿಯಾಗಿತ್ತು.

“ಕಂಪ್ಯೂಟರ್‌ನ್ಯಾಗ ಕೊಸರು ಬರಂಗಿಲ್ರಿ, ಅಮ್ಮಾ.”

“ಹಂಗಾರ ನಿಂಬಿಹಣ್ಣು ನೀನ ಇಟ್ಕೋ. ಬಜಾರದಾಗ ನಮ್ಮ ಕಾಶವ್ವ ಎರಡು ಹೆಚ್ಚಿಗಿ ಹಾಕಿ, ಮೊಣಕಾಲ ನೋವು ಹೆಂಗೈತಿ ಅಂತನೂ ಕೇಳ್ತಾಳ.”

ಸಾಲಿನಲ್ಲಿದ್ದವರು ನಕ್ಕರು. ನಾನು ತಲೆ ತಗ್ಗಿಸಿದೆ. ಹುಡುಗಿ ಮಾತ್ರ ಮ್ಯಾನೇಜರನತ್ತ ಒಮ್ಮೆ ನೋಡಿ ಮೆಲ್ಲಗೆ ಅಂದಳು: “ಅಲ್ಲಿಗೇ ಹೊಂಟೀರೇನ್ರಿ? ನನಗೂ ಒಂದು ಸೂಡು ಕೊತ್ತಂಬ್ರಿ ತರ್ರಿ. ಇಲ್ಲಿಂದು ಬಾಡಿರ್ತೈತಿ.”

ಮನೆತನದ ಮೊದಲ ಪದವೀಧರ ನಾನು. ಅವ್ವನಿಗೆ ನಾಗರಿಕತೆ ತೋರಿಸಲು ಕರೆದೊಯ್ದಿದ್ದೆ. ಈಗ ಅವಳ ಹಿಂದೆ ಚೀಲ ಹಿಡಿದು ಬಜಾರಕ್ಕೆ ಹೋಗುತ್ತೇನೆ. ಡಿಗ್ರಿ ಮುಗಿಸಿದ ಮಗ ಚೀಲ ಹಿಡಿದದ್ದಕ್ಕೆ ಕಾಶವ್ವ ಒಂದು ಹಿಡಿ ಕರಿಬೇವು ಕೊಸರು ಹಾಕುತ್ತಾಳೆ.