ಪ್ರಯೋಗಶಾಲೆಯಲ್ಲಿ ಹೈಬ್ರಿಡ್ ರೊಟ್ಟಿ

ದೇವದುರ್ಗದ ಕಾಲೇಜಿಗೆ ನಾನು ರಸಾಯನಶಾಸ್ತ್ರದ ಉಪನ್ಯಾಸಕನಾಗಿ ಹೋದಾಗ ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನನ್ನ ವಿಷಯಕ್ಕೆ ಇದ್ದವರು ಐದೇ ಜನ. ಅವರಲ್ಲಿ ಇಬ್ಬರು ಬೇರೆಲ್ಲೂ ಸೀಟು ಸಿಗದೆ ಬಂದವರು, ಒಬ್ಬ ಅರ್ಜಿಯಲ್ಲಿ ತಪ್ಪು ಜಾಗಕ್ಕೆ ಗುರುತು ಹಾಕಿದವನು. ಪ್ರಿನ್ಸಿಪಾಲರು ಮೊದಲ ದಿನವೇ ಹೇಳಿದರು: ಮುಂದಿನ ವರ್ಷ ಹದಿನೈದು ಮಂದಿ ಆಗದಿದ್ದರೆ ವಿಭಾಗ ಮುಚ್ಚುತ್ತದೆ, ನಾನು ಬೇಕಾದರೆ ಗ್ರಂಥಾಲಯ ನೋಡಿಕೊಳ್ಳಬಹುದು. ಗ್ರಂಥಾಲಯ ಅಂದರೆ ಎರಡು ಕಪಾಟು. ಒಂದರ ಕೀಲಿ ಕಳೆದಿತ್ತು.

ಮಕ್ಕಳಿಗೆ ಗೊತ್ತಿರುವುದರಿಂದ ಶುರು ಮಾಡಿದರೆ ಆಸಕ್ತಿ ತಾನೇ ಹುಟ್ಟುತ್ತದೆ ಎಂದು ಎಲ್ಲೋ ಓದಿದ್ದೆ. ಇವರಿಗೆ ಗೊತ್ತಿದ್ದದ್ದು ಜೋಳ. ಹಾಗಾಗಿ ಕಲಾ ವಿಭಾಗದವರನ್ನೂ ಕರೆದು, ನಮ್ಮ ಬೆಳೆಗಳ ರಸಾಯನಶಾಸ್ತ್ರ ಎಂದು ಒಂದು ವಿಶೇಷ ಪಾಠ ಇಟ್ಟೆ. ಗೋಧಿಯಲ್ಲಿ ಅಂಟು ಕೊಡುವ ಪ್ರೋಟೀನಿದೆ, ಜೋಳದಲ್ಲಿಲ್ಲ. ಅದಕ್ಕೇ ಹಿಟ್ಟಿಗೆ ಕುದಿಯುವ ನೀರಿನ ಎಸರು ಹಾಕುತ್ತಾರೆ, ಪಿಷ್ಟ ಅರೆಬೆಂದು ಜಿಗಿ ಬರುತ್ತದೆ ಎಂದು ಬೋರ್ಡು ತುಂಬ ಬರೆದೆ. ಹಿಂದಿನ ಬೆಂಚಿನವರು ಶಾಂತವಾಗಿ ನಿದ್ದೆ ಮಾಡಿದರು.

ಬಿಡಲಿಲ್ಲ ನಾನು. ಮರುದಿನ ಪ್ರಯೋಗಶಾಲೆಗೆ ಸೀಮೆಎಣ್ಣೆ ಸ್ಟೋವು ತರಿಸಿದೆ. ಹಿಟ್ಟನ್ನು ತಕ್ಕಡಿಯಲ್ಲಿ ತೂಗಿದೆ, ಎಸರಿನಲ್ಲಿ ಥರ್ಮಾಮೀಟರ್ ಇಟ್ಟೆ, ಎಂ.ಎಸ್ಸಿ. ಓದಿದ ಕೈಯಿಂದ ರೊಟ್ಟಿ ಬಡಿದೆ. ಮೊದಲನೆಯದು ಎತ್ತುವಾಗಲೇ ಮೂರು ತುಂಡಾಯಿತು. ಎರಡನೆಯದು ಹಂಚಿಗೆ ಅಂಟಿ ಕೂತಿತು. ನನ್ನ ಪಾಠಕ್ಕೆ ಎಂದೂ ಕಣ್ಣು ತೆರೆಯದವರು ಅವತ್ತು ಬೆಂಚಿನ ಮೇಲೆ ನಿಂತು ನೋಡಿದರು.

ಗಾಜಿನ ಸಾಮಾನು ತೊಳೆಯುವ ಆಯಾ ಬಾಗಿಲಲ್ಲಿ ನಿಂತಿದ್ದಳು. ನನಗಿಂತ ಇಪ್ಪತ್ತು ವರ್ಷ ದೊಡ್ಡವಳು. ನೀನೇ ಬಾ ಯವ್ವಾ ಎಂದೆ. ಅವಳು ಥರ್ಮಾಮೀಟರನ್ನು ಜೋಪಾನವಾಗಿ ಪಕ್ಕಕ್ಕಿಟ್ಟು, ಎಸರು ಸುರಿದು, ನಾದಿ, ಬಡಿದು ಹಂಚಿಗೆ ಹಾಕಿದಳು. ರೊಟ್ಟಿ ಉಬ್ಬಿತು. ನಾನು ಸಿದ್ಧಾಂತ ಸರಿಯಾಗಿದೆ ನೋಡಿ ಎಂದು ಮಕ್ಕಳಿಗೆ ಹೇಳಿದೆ. ಆಗ ಅವಳು ಕೈ ಒರೆಸಿಕೊಳ್ಳುತ್ತ ಕೇಳಿದಳು.

“ಸರ್ರೀ, ಇದು ಬಿಳಿ ಜ್ವಾಳದ್ದು, ಮಡಚಿದ್ರ ಮಡಚ್ತದ. ಸರ್ಕಾರದವ್ರು ಕೊಟ್ಟ ಹೈಬ್ರಿಡ್ ಜ್ವಾಳದ ರೊಟ್ಟಿ ಹೊತ್ತು ಮುಣುಗೂದ್ರಾಗ ಹರೀತದ. ಎಸರೂ ಅದೇ, ಕೈಯೂ ಅದೇ. ಯಾಕ್ರೀ?”

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವುದನ್ನು ನನಗೆ ಯಾವ ಕಾಲೇಜಿನಲ್ಲೂ ಕಲಿಸಿರಲಿಲ್ಲ, ಆದರೂ ಹಾಗೆಂದೇ ಹೇಳಿದೆ. ಆ ವಾರ ರಾಯಚೂರಿಗೆ ಹೋಗಿ ಸಿಕ್ಕ ಪುಸ್ತಕವನ್ನೆಲ್ಲ ತಿರುವಿದೆ. ಹೈಬ್ರಿಡ್ ಎಕರೆಗೆ ಎಷ್ಟು ಚೀಲ ಕೊಡುತ್ತದೆ ಎಂದು ಎಲ್ಲ ಕಡೆ ಇತ್ತು, ಅದನ್ನು ತಿನ್ನುವವರ ಸುದ್ದಿ ಎಲ್ಲೂ ಇರಲಿಲ್ಲ.

ಮೇಷ್ಟ್ರಿಗೇ ಬಾರದ ಲೆಕ್ಕ ಒಂದಿದೆ ಎಂಬ ಸುದ್ದಿ ಮಾತ್ರ ಊರೆಲ್ಲ ಹಬ್ಬಿತು. ಮಕ್ಕಳು ಮನೆಮನೆಯಿಂದ ಹಿಟ್ಟನ್ನು ಕಾಗದದ ಪುಡಿಕೆ ಕಟ್ಟಿ ತರತೊಡಗಿದರು. ಯಾವ ಹಿಟ್ಟು ಎಷ್ಟು ನೀರು ಕುಡಿಯುತ್ತದೆ, ಯಾವ ರೊಟ್ಟಿ ಎಷ್ಟು ತಾಸಿಗೆ ಬಿರಿಯುತ್ತದೆ ಎಂದು ಬರೆದಿಟ್ಟೆವು. ಕುರಿ ಕಾಯುವ ಮನೆತನದ ಒಬ್ಬ ಹುಡುಗಿ ಲೆಕ್ಕವನ್ನೆಲ್ಲ ವಹಿಯಲ್ಲಿ ಬರೆಯುತ್ತ ಕ್ಲಾಸು ಮುಗಿದರೂ ಹೋಗುತ್ತಿರಲಿಲ್ಲ. ಉಳಿದವರೂ ಹೋಗುತ್ತಿರಲಿಲ್ಲ, ಅವರು ಪ್ರಯೋಗ ಮುಗಿದ ರೊಟ್ಟಿಗೆ ಶೇಂಗಾ ಚಟ್ನಿ ತರುತ್ತಿದ್ದರು. ಮುಂದಿನ ವರ್ಷ ಹದಿನೇಳು ಅರ್ಜಿ ಬಂದವು. ಎಷ್ಟು ಆಸಕ್ತಿಯಿಂದ, ಎಷ್ಟು ಹಸಿವಿನಿಂದ ಎಂದು ಬೇರ್ಪಡಿಸುವ ವಿಧಾನ ನನ್ನ ಬಳಿ ಇರಲಿಲ್ಲ.

ಆಮೇಲೆ ವಿಶ್ವವಿದ್ಯಾಲಯದ ತಪಾಸಣೆ ಬಂತು. ಬಂದ ಹಿರಿಯರು ವಿಷಾನಿಲ ಹೊರಹಾಕುವ ಗಾಜಿನ ಕಪಾಟನ್ನು ತೆರೆದರು. ಒಳಗೆ ಚಟ್ನಿ ಡಬ್ಬಿ, ಎರಡು ಉಳ್ಳಾಗಡ್ಡಿ. ಬಹಳ ಹೊತ್ತು ನೋಡಿದರು. ಆ ಹುಡುಗಿ ಮುಂದೆ ಬಂದು, ತನ್ನ ವಹಿ ತೋರಿಸಿ ಎಲ್ಲ ವಿವರಿಸಿದಳು. ಅವರು ಎರಡು ರೊಟ್ಟಿ ತಿಂದರು, ಒಂದು ಹೈಬ್ರಿಡ್, ಒಂದು ಬಿಳಿ. ತಿಂಗಳ ಮೇಲೆ ವರದಿ ಬಂತು: ಪ್ರಯೋಗಶಾಲೆಯನ್ನು ಅಡುಗೆಮನೆ ಮಾಡಲಾಗಿದೆ, ಕೂಡಲೇ ನಿಲ್ಲಿಸತಕ್ಕದ್ದು. ಬಿಳಿಜೋಳದ ರೊಟ್ಟಿ ಮೆತ್ತಗಿತ್ತು ಎಂಬುದನ್ನು ಅವರು ವರದಿಯಲ್ಲಿ ಕಾಣಿಸಲಿಲ್ಲ.

ಸ್ಟೋವು ಹೊರಗೆ ಹೋಯಿತು. ಹದಿನೇಳರಲ್ಲಿ ಒಂಬತ್ತು ಮಂದಿ ಉಳಿದರು. ಮತ್ತೆ ಮುಚ್ಚುವ ಮಾತು ಎದ್ದಿತು. ಅಷ್ಟರಲ್ಲಿ ರಾಯಚೂರಿನ ಹತ್ತಿರದ ಶಕ್ತಿನಗರದಲ್ಲಿ ಕರೆಂಟು ತಯಾರಿಸುವ ಸ್ಥಾವರ ಕಟ್ಟುವ ಕೆಲಸ ಶುರುವಾಗಿ, ಅಲ್ಲಿ ನೀರು ಪರೀಕ್ಷೆ ಮಾಡಲು ಕೆಮಿಸ್ಟ್ರಿ ಓದಿದವರು ಬೇಕಂತೆ ಎಂದು ಯಾರೋ ಹೇಳಿದರು. ಮರುವರ್ಷ ನಲವತ್ತು ಅರ್ಜಿ. ಮಾನ್ವಿ ಕಡೆಯಿಂದ, ಪೋತ್ನಾಳದಿಂದಲೂ ತಂದೆಯರು ಬಂದರು. ಕೆಮಿಸ್ಟ್ರಿ ಅಂದರೆ ಏನು ಎಂದು ಯಾರೂ ಕೇಳಲಿಲ್ಲ. ಕ್ವಾರ್ಟರ್ಸು ಕೊಡ್ತಾರೇನ್ರೀ ಎಂದು ಎಲ್ಲರೂ ಕೇಳಿದರು.

ಆ ನಲವತ್ತರಲ್ಲಿ ಶಕ್ತಿನಗರಕ್ಕೆ ಹೋದವರು ಮೂವರು. ಹೈಬ್ರಿಡ್ ರೊಟ್ಟಿಯ ವಹಿ ಬರೆದ ಹುಡುಗಿ ರಾಯಚೂರಿಗೆ ಹೋಗಿ ಬಿ.ಎಡ್. ಮುಗಿಸಿ, ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರಾದಳು. ನಾನು ಮಾನ್ವಿಗೆ ವರ್ಗವಾಗುವ ಹೊತ್ತಿಗೆ ಪ್ರಿನ್ಸಿಪಾಲರು ನಿವೃತ್ತರಾದರು. ತಮ್ಮ ಬೀಳ್ಕೊಡುಗೆಯಲ್ಲಿ ಅವರು, ಈ ಭಾಗದ ಮಕ್ಕಳಲ್ಲಿ ರಸಾಯನಶಾಸ್ತ್ರದ ಅಭಿರುಚಿ ಬಿತ್ತಿದ್ದೇ ತಮ್ಮ ಜೀವನದ ದೊಡ್ಡ ಕೆಲಸ ಎಂದು ಹೇಳಿದರು. ಎಲ್ಲರೂ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ, ಸ್ವಲ್ಪ ಜೋರಾಗಿಯೇ.